ಲೈಟ್ ಉರಿಯುತ್ತೆ, ಕಾರು ಸ್ಟಾರ್ಟ್ ಆಗಲ್ಲ!

ಬೇ ಏರಿಯಾದ ಪ್ಲೆಸೆಂಟನ್‌ನಲ್ಲಿ ಕಾರಿಲ್ಲದೆ ದಿನ ಸಾಗೋದು ಕಷ್ಟ. ಕೀ ತಿರುಗಿಸಿದರೆ ಬರೀ ‘ಟಕ್’. ಹತ್ತು ನಿಮಿಷ ಬಿಟ್ಟರೆ ಸ್ಟಾರ್ಟ್! ಹೆಡ್‌ಲೈಟ್ ಉರಿಯುತ್ತಲ್ಲ, ಬ್ಯಾಟರಿ ಸರಿಯಿದೆ, ಸ್ಟಾರ್ಟರ್ ಬದಲಿಸೋಣ ಅಂತೀರಾ? ತಾಳಿ.

ಬ್ಯಾಟರಿ ತುದಿಗೂ ಕ್ಲ್ಯಾಂಪಿಗೂ ನಡುವೆ ಕಿಲುಬು ಕೂತು 0.02 ಓಮ್ ರೋಧ ಹುಟ್ಟಿದೆ ಅನ್ನಿ. ಹೆಡ್‌ಲೈಟ್‌ಗಳಿಗೆ ಬೇಕಾದ್ದು ಸುಮಾರು 10 ಆಂಪಿಯರ್, ನಷ್ಟ 0.2 ವೋಲ್ಟ್, ಗೊತ್ತೇ ಆಗಲ್ಲ. ಸ್ಟಾರ್ಟರ್ 150 ಆಂಪಿಯರ್ ಎಳೆದರೆ 3 ವೋಲ್ಟ್ ಅಲ್ಲೇ ಖಾಲಿ! ಹೈಸ್ಕೂಲಿನ ಓಮ್ ನಿಯಮವೇ. ಬಿಸಿಗೆ, ಅಲುಗಾಟಕ್ಕೆ ಆ ಹಿಡಿತ ಒಮ್ಮೆ ಕೂಡುತ್ತೆ, ಒಮ್ಮೆ ಬಿಡುತ್ತೆ. ಅದಕ್ಕೇ ಈ ಕಣ್ಣಾಮುಚ್ಚಾಲೆ.

ಕಾರು ಕೈಕೊಟ್ಟಾಗಲೇ ಅಳೆಯಿರಿ: ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ತುದಿಗೆ, ಇನ್ನೊಂದು ಕ್ಲ್ಯಾಂಪಿಗೆ. ಗೇರ್ ಪಾರ್ಕ್‌ನಲ್ಲಿರಲಿ, ಮನೆಯವರು ಕೀ ತಿರುಗಿಸಲಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ ಇದ್ದಾನೆ. ತಂತಿ ಬ್ರಷ್ ಸಾಕು. ಬಿಚ್ಚುವಾಗ ಮಾತ್ರ ಮೊದಲು ನೆಗೆಟಿವ್.