ಹೆಬ್ಬಾಳದ ಸಹಪಾಠಿಗಳ ಕೂಟ: ಈ ಸಲ ಮಳವಳ್ಳಿಯಲ್ಲಿ

ಕಳೆದ ಕಾರ್ತಿಕದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಸಹಪಾಠಿಯೊಬ್ಬರು ತೀರಿಕೊಂಡರು. ಸುದ್ದಿ ನನಗೆ ತಲುಪಿದ್ದು ಸಂಕ್ರಾಂತಿ ಕಳೆದ ಮೇಲೆ. ಅದೂ ಅಡಿಕೆ ಮಂಡಿಯಲ್ಲಿ ಯಾರೋ ಮಾತಿನ ಮಧ್ಯೆ ಹೇಳಿದ್ದರಿಂದ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದವನ ಸಾವು ಎರಡು ತಿಂಗಳ ಮೇಲೆ ತಿಳಿಯಬೇಕೆ? ಆ ದಿನವೇ ಮನೆಗೆ ಬಂದು ಹಳೆಯ ಡೈರಿ ತೆಗೆದು, ವಿಳಾಸ ಸಿಕ್ಕಿದವರಿಗೆಲ್ಲ ಒಂದೊಂದು ಕಾರ್ಡು ಬರೆದು ಹಾಕಿದೆ. ಫೋನು ಇದೆ, ನಿಜ. ಆದರೆ ನಮ್ಮಲ್ಲಿ ಅರ್ಧ ಜನಕ್ಕೆ ಕಿವಿ ಸರಿಯಾಗಿ ಕೇಳುವುದಿಲ್ಲ.

ನಾವು ಹೆಬ್ಬಾಳದ ಕೃಷಿ ಕಾಲೇಜಿಗೆ ಸೇರಿದ್ದು 1965ರಲ್ಲಿ. 1913ರಲ್ಲಿ ವ್ಯವಸಾಯ ಶಾಲೆಯಾಗಿ ಹುಟ್ಟಿ, 1946ರಲ್ಲಿ ಕಾಲೇಜಾದ ಸಂಸ್ಥೆ ಅದು. ಕೃಷಿ ವಿಶ್ವವಿದ್ಯಾನಿಲಯ ಪ್ರಾರಂಭವಾಗಿ ಆಗ ಒಂದೇ ವರ್ಷವಾಗಿತ್ತು. ನಮ್ಮ ಸಾಲಿನ ಕೋಣೆಗಳಲ್ಲಿ ಮಲೆನಾಡಿನವರು ಕೆಲವರು, ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯವರು ಐದು ಮಂದಿ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನನಗೆ ಮೊದಲ ದಿನ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಳವಳ್ಳಿಯ ಹುಡುಗ ನನ್ನ ಅವಸ್ಥೆ ನೋಡಿ, "ಅಗೀಬ್ಯಾಡ ಕಣಯ್ಯ, ನುಂಗು" ಎಂದು ಸಾರಿನಲ್ಲಿ ಅದ್ದಿ ತೋರಿಸಿದ. ಆ ಉಪಕಾರಕ್ಕೆ ಪ್ರತಿಯಾಗಿ ನಾನು ಅವನಿಗೆ ಊರಿನಿಂದ ತಂದ ಹಸಿ ಅಡಿಕೆ ಹಾಕಿಸಿದೆ. ಸೊಕ್ಕಿ, ಬೆವರಿ, ಗೋಡೆ ಹಿಡಿದು ಕೂತುಬಿಟ್ಟ. ಅಂದಿನಿಂದ ಸ್ನೇಹ.

ಕಾರ್ಡುಗಳಿಗೆ ಒಂಬತ್ತು ಉತ್ತರ ಬಂದಿವೆ. ಮಂಡ್ಯದವರು ಹೆಂಡತಿಯನ್ನು ಕಳೆದುಕೊಂಡು ಮಗಳ ಮನೆಯಲ್ಲಿದ್ದಾರೆ. ಒಬ್ಬರು ಮಗನೊಡನೆ ಅಮೆರಿಕಾಕ್ಕೆ ಹೋಗಿ, ಅಲ್ಲಿ ಹೊತ್ತು ಹೋಗದೆ ವಾಪಸಾಗಿದ್ದಾರೆ. ಮದ್ದೂರಿನವರ ಸುದ್ದಿ ನಮ್ಮ ಸದಸ್ಯರಿಗೂ ಸಂಬಂಧಪಟ್ಟಿದ್ದು: ಕಬ್ಬಿನ ಗದ್ದೆಯಲ್ಲಿ ಎರಡು ಎಕರೆಗೆ ಅಡಿಕೆ ಸಸಿ ಇಟ್ಟಿದ್ದಾರೆ. ಎಪ್ಪತ್ತಾರನೇ ವಯಸ್ಸಿನಲ್ಲಿ! "ಫಲ ಬರೋಕೆ ಐದಾರು ವರ್ಷ ಬೇಕು, ಗೊತ್ತೇನಯ್ಯ?" ಎಂದು ಬರೆದರೆ, "ನೀನು ಬರೋ ಹೊತ್ತಿಗೆ ಎಲೆಯಡಿಕೆ ರೆಡಿ ಇರ್ತದೆ" ಎಂದು ಉತ್ತರ. ಬಯಲುಸೀಮೆಯ ನಾಲೆ ಬಯಲಿಗೆಲ್ಲ ಅಡಿಕೆ ಹೋಗುತ್ತಿರುವುದು ನಮ್ಮ ಧಾರಣೆಗೆ ಒಳ್ಳೆಯದೆಂದು ನನಗೇನೂ ಅನಿಸುವುದಿಲ್ಲ. ಆದರೆ ಗೆಳೆಯನಿಗೆ ಹೇಗೆ ಹೇಳುವುದು?

ಮಳವಳ್ಳಿಯವರ ಕಾರ್ಡು ಮಾತ್ರ ಬೇರೆ ಕೈಬರಹದಲ್ಲಿತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದಿದೆಯಂತೆ. ಮೊಮ್ಮಗಳು ಬರೆದಿದ್ದಾಳೆ, ಕೊನೆಯ ಸಾಲನ್ನು ಅವರೇ ಎಡಗೈಯಲ್ಲಿ, ಒಂದನೇ ತರಗತಿಯ ಮಕ್ಕಳಂತೆ ಬರೆದಿದ್ದಾರೆ.

ಕೂಟ ಎಲ್ಲಿ, ಯಾವಾಗ ಎಂಬುದೇ ದೊಡ್ಡ ಚರ್ಚೆಯಾಯಿತು. ನಮಗೆ ನವೆಂಬರಿನಿಂದ ಕಾಫಿ ಕುಯ್ಲು, ಜೊತೆಗೇ ಅಡಿಕೆ ಸುಗ್ಗಿ. ಕೊನೆಗಾರ ಸಿಕ್ಕ ದಿನ ಬಿಟ್ಟರೆ ಆಮೇಲೆ ಸಿಕ್ಕುವುದಿಲ್ಲ. ಮಾರ್ಚಿಯಲ್ಲಿ ಹೂಮಳೆ ಕಾಯುವ ಕೆಲಸ. ಮೇ ಕೊನೆಗೆ ಮೈಲುತುತ್ತ, ಸುಣ್ಣ ಹೊಂದಿಸಿ ಮೊದಲ ಔಷಧಿ ಹೊಡೆಯಬೇಕು. ಮತ್ತೆ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು. ಉಳಿಯುವುದು ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ. ಮಂಡ್ಯದವರಿಗೆ ಇದು ಒಪ್ಪಿಗೆಯಿಲ್ಲ. ಆ ಬಿಸಿಲಿನಲ್ಲಿ ನಾಲೆಯಲ್ಲಿ ನೀರಿರುವುದಿಲ್ಲ, ಗದ್ದೆ ಒಣಗಿರುತ್ತದೆ, ಬಂದು ನೋಡುವುದೇನು? ಆಗಸ್ಟಿನಲ್ಲಿ ಬನ್ನಿ, ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿಯುವುದನ್ನು ತೋರಿಸುತ್ತೇವೆ ಎಂದು ಅವರ ಹಟ. ಆಗಸ್ಟಿನಲ್ಲಿ ನಾವು ತೋಟ ಬಿಟ್ಟು ಹೊರಟರೆ ಕೊಳೆ ಕಾಯುವುದೇ? ಒಂದು ತಿಂಗಳು ಕಾರ್ಡುಗಳು ಓಡಾಡಿದವು.

ಚರ್ಚೆ ನಿಂತದ್ದು ಮಳವಳ್ಳಿಯಿಂದ ಬಂದ ಎಡಗೈ ಬರಹದಿಂದ: "ನೀರ್ ನೋಡಾಕೆ ಬತ್ತೀರೋ, ನನ್ ನೋಡಾಕೆ ಬತ್ತೀರೋ? ಮಳೆಗಾಲಕ್ಕೆ ಅಂದ್ರೆ ನನ್ ಲೆಕ್ಕ ಬಿಟ್ಬುಡಿ."

ಏಪ್ರಿಲ್ ಕೊನೆಯ ಶನಿವಾರ, ಭಾನುವಾರ ಎಂದು ನಿಶ್ಚಯವಾಯಿತು. ಅವರು ಬರಲಾರರು, ಆದ್ದರಿಂದ ನಾವೇ ಹೋಗುವುದು.

ಮಂಡ್ಯದಲ್ಲಿ ಮೊದಲು ಸೇರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಹಿರಿಯರ ತೋಟಗಳಿಗೆ 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರೇ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಕಾರಣರಾದರು. 1933ರ ಮಂಡ್ಯದ ಸಕ್ಕರೆ ಕಾರ್ಖಾನೆಯ ಹಿಂದೆಯೂ ಅವರ ದುಡಿಮೆ ಇದೆ. ಕಾಫಿ, ಅಡಿಕೆ, ಕಬ್ಬು ಮೂರಕ್ಕೂ ಒಬ್ಬನೇ ಮನುಷ್ಯ ಕೈ ಹಚ್ಚಿದ್ದು ನಮಗೆ ಪಾಠ ಹೇಳುವಾಗ ಯಾರೂ ಒತ್ತಿ ಹೇಳಲಿಲ್ಲ. ಶನಿವಾರ ಬೆಳಿಗ್ಗೆ ವಿ.ಸಿ. ಫಾರಂ ನೋಡಬೇಕೆಂದಿದ್ದೇವೆ. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದ ನೆಲ ಅದು. 1991ರಿಂದ ಅಲ್ಲೇ ಕೃಷಿ ಕಾಲೇಜೂ ನಡೆಯುತ್ತಿದೆ. ಹುಡುಗರು ಸಿಕ್ಕಿದರೆ ಮಾತಾಡಿಸಬಹುದು.

ಮಧ್ಯಾಹ್ನ ಮದ್ದೂರಿನಲ್ಲಿ ಊಟ. ಎಳನೀರು ಮಾರುಕಟ್ಟೆ ನೋಡಲು ಆಸೆಯಿರುವವರು ನೋಡಬಹುದು. ತೋಟದಲ್ಲಿ ತೆಂಗು ಇರುವವರು ನೋಡಲೇಬೇಕು. ವಡೆಯ ವಿಷಯ ಹೇಳಬೇಕಾಗಿಲ್ಲ, ಹಲ್ಲಿದ್ದವರು ತಿನ್ನಬಹುದು. ಸಂಜೆ ಮಳವಳ್ಳಿ, ರಾತ್ರಿ ಅಲ್ಲೇ ಅವರ ಮನೆಯ ಪಡಸಾಲೆಯಲ್ಲಿ ಮಲಗುವುದು. ಶಿವನಸಮುದ್ರ ಹತ್ತಿರವೇ ಇದ್ದರೂ ಮೆಟ್ಟಿಲು ಇಳಿಯುವ ಮೊಣಕಾಲು ನಮ್ಮಲ್ಲಿ ಮೂರೋ ನಾಲ್ಕೋ ಇರಬಹುದು. ಅದನ್ನು ಬಿಟ್ಟಿದ್ದೇವೆ.

ಮುದ್ದೆ ಮಾಡಿಸುತ್ತೇನೆಂದು ಮೊಮ್ಮಗಳ ಕೈಲಿ ಬರೆಸಿದ್ದಾರೆ. ಹಸಿ ಅಡಿಕೆ ತರಬೇಡ ಎಂದೂ ಬರೆಸಿದ್ದಾರೆ.

ನಮ್ಮ ಸಂಘದ ಸದಸ್ಯರಲ್ಲಿ 1965ರಿಂದ 1969ರವರೆಗೆ ಹೆಬ್ಬಾಳದಲ್ಲಿ ಓದಿದವರು ಇದ್ದರೆ, ಅಥವಾ ಅಂಥವರ ಮನೆಯವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮಾರ್ಚಿ ಕೊನೆಯೊಳಗೆ ಸಂಘದ ಕಚೇರಿಯಲ್ಲಿ ಹೆಸರು, ವಿಳಾಸ ಬರೆಸಬೇಕು. ತೀರಿಕೊಂಡವರ ಹೆಸರನ್ನೂ ತಿಳಿಸಿ. ಕೊಪ್ಪದಿಂದ ಶುಕ್ರವಾರ ಬೆಳಿಗ್ಗೆ ಒಂದು ವ್ಯಾನು ಹೊರಡುತ್ತದೆ, ಹಾಸನದಲ್ಲಿ ರಾತ್ರಿ ತಂಗುತ್ತದೆ. ಸದ್ಯ ಎರಡು ಸೀಟು ಖಾಲಿ ಇವೆ.