ಹದಿನಾರನೆಯ ಅಂಕಿಯ ಕಾವಲು

ಲಚ್ಯಾಣ ಸ್ಟೇಶನ್ನಿನಲ್ಲಿ ಗೂಡ್ಸ್ ಗಾಡಿ ನಿಂತಾಗ ಡಬ್ಬಿಯ ಮೈಮೇಲಿನ ಸಂಖ್ಯೆಯನ್ನೊಮ್ಮೆ ಓದಿ ನೋಡಿ. ಒಟ್ಟು 11 ಅಂಕಿ. ಮೊದಲೆರಡು ಡಬ್ಬಿ ಯಾವ ಬಗೆಯದೆಂದು ಹೇಳುತ್ತವೆ, ಮುಂದಿನೆರಡು ಯಾವ ರೈಲ್ವೆಯದೆಂದು, ಅದರಾಚೆಯವು ಯಾವ ವರ್ಷ ತಯಾರಾಯಿತೆಂದು. ಆಮೇಲಿನ ನಾಲ್ಕು ಆ ಡಬ್ಬಿಯ ಸ್ವಂತದ್ದು. ಕೊನೆಯದೊಂದಕ್ಕೆ ಬೇರೆ ಕೆಲಸ: ಉಳಿದ ಹತ್ತೂ ಸರಿಯಾಗಿವೆಯೇ ಎಂದು ಕಾಯುವುದು. ಇದೇ ಇಂಡಿ ಸೀಮೆಯ ಲಿಂಬೆ ಬೆಳೆಗಾರರ ಕಿಸೆಯಲ್ಲಿರುವ ಕಾರ್ಡಿನಲ್ಲೂ ಅಂಥದೇ ಕಾವಲು ಅಂಕಿ ಇದೆ.

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ ಬಂದದ್ದು 1998ರಲ್ಲಿ. ಆಗ ಅದು ಹೆಸರಿಗೆ ಕಾರ್ಡು, ಕೈಯಲ್ಲಿ ಪಾಸ್‌ಬುಕ್ಕು. 2012ರಲ್ಲಿ ನಮ್ಮದೇ ರುಪೇ ಜಾಲ ಶುರುವಾಯಿತು. ಮುಂದೆ ರೈತನ ಸಾಲಕ್ಕೂ ಎಟಿಎಮ್ಮಿನಲ್ಲಿ ನಡೆಯುವ ಕಾರ್ಡು ಸಿಕ್ಕಿತು, ಜಗತ್ತಿನ ಕಾರ್ಡುಗಳೆಲ್ಲ ಪಾಲಿಸುವ ನಿಯಮದ ಸಂಖ್ಯೆಯೂ ಅದರ ಮೇಲೆ ಬಂತು. ಮೊದಲ ಅಂಕಿ 4 ಇದ್ದರೆ ವೀಸಾ. ರುಪೇ ಹೆಚ್ಚಾಗಿ 6ರಿಂದ ಶುರು, 5 ಮತ್ತು 8ರಿಂದಲೂ ಉಂಟು. ಮೊದಲ ಆರು ಅಂಕಿ ಕಾರ್ಡು ಕೊಟ್ಟ ಬ್ಯಾಂಕಿನ ಗುರುತು. ಬ್ಯಾಂಕುಗಳು ಹೆಚ್ಚಿ ಆರು ಸಾಲದಾದಾಗ, 2017ರಲ್ಲಿ ಅಂತರರಾಷ್ಟ್ರೀಯ ನಿಯಮವೇ ಅದನ್ನು ಎಂಟಕ್ಕೇರಿಸಿತು. ನಡುವಿನವು ಗ್ರಾಹಕನವು.

ಕೊನೆಯ, ಅಂದರೆ ಹದಿನಾರನೆಯ ಅಂಕಿಯ ಉಪಾಯ ಕಾರ್ಡಿಗಾಗಿ ಹುಟ್ಟಿದ್ದಲ್ಲ. ಐಬಿಎಮ್‌ನಲ್ಲಿದ್ದ ಜರ್ಮನ್ ಮೂಲದ ಹಾನ್ಸ್ ಪೀಟರ್ ಲೂನ್, ಸಂಖ್ಯೆ ಬರೆಯುವಾಗಿನ ಕೈತಪ್ಪು ಹಿಡಿಯಲು ಅಂಗೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಯೋಚಿಸಿ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1960ರಲ್ಲಿ ಅದು ಸಿಕ್ಕಿತು. ಆದರೆ ಆ ಲೆಕ್ಕಕ್ಕೆ ಸ್ಲೇಟೊಂದು ಸಾಕು. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದೂ ಅದಕ್ಕೇ.

ವಿಜಯಪುರದ ಪಿನ್‌ಕೋಡ್ 586101 ತೆಗೆದುಕೊಳ್ಳಿ. ಬಲತುದಿಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿ ಮಾಡಿ: 1 ಎರಡಾಗುತ್ತದೆ, ನಡುವಿನ 1 ಕೂಡ ಎರಡು, 8 ಹದಿನಾರಾಗುತ್ತದೆ. ಹದಿನಾರರ 1 ಮತ್ತು 6 ಕೂಡಿಸಿದರೆ 7. ಇಮ್ಮಡಿಸದೆ ಬಿಟ್ಟ 0, 6, 5 ಸೇರಿಸಿದರೆ ಒಟ್ಟು 22. ಹತ್ತರ ಮಗ್ಗಿಯ 30 ಮುಟ್ಟಲು ಬೇಕಾದದ್ದು 8. ಅದೇ ಕಾವಲು ಅಂಕಿ. ಅವಸರದಲ್ಲಿ 86ನ್ನು 68 ಎಂದು ಬರೆದರೆ ಮೊತ್ತ 20 ಬರುತ್ತದೆ, ಕೊನೆಯ 8 ತಾಳೆಯಾಗದೆ ತಪ್ಪು ಸಿಕ್ಕಿಬೀಳುತ್ತದೆ. ಯಾವುದೇ ಒಂದು ಅಂಕಿ ತಪ್ಪಿದರೂ ಹಾಗೆಯೇ. ಅಕ್ಕಪಕ್ಕದ ಅಂಕಿಗಳ ಅದಲುಬದಲಿನಲ್ಲಿ ಇದರ ಕಣ್ಣು ತಪ್ಪಿಸುವುದು ಒಂದೇ ಜೋಡಿ: 09 ಮತ್ತು 90.

ರೈಲು ಡಬ್ಬಿಯ ಲೆಕ್ಕ ಕೊಂಚ ಬೇರೆ. ಅಲ್ಲಿ ಸಮಸ್ಥಾನದ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸುತ್ತಾರೆ. ಗುರಿ ಮಾತ್ರ ಅದೇ ಹತ್ತರ ಮಗ್ಗಿ.

ಈ ಅಂಕಿ ಕೈತಪ್ಪನ್ನು ಹಿಡಿಯುತ್ತದೆಯೇ ಹೊರತು ಕಳ್ಳನನ್ನಲ್ಲ. ಬ್ಯಾಂಕಿನವನೆಂದು ಫೋನ್ ಮಾಡಿದವನು ನಿಮ್ಮ ಕಾರ್ಡಿನ ಮೊದಲ ಆರು ಅಂಕಿಯನ್ನು ಪಟಪಟನೆ ಹೇಳಿದರೂ ನಂಬಿ ಒಟಿಪಿ ಕೊಡಬೇಡಿ. ಅದೇ ಬ್ಯಾಂಕು ಕೊಟ್ಟ ಅದೇ ಬಗೆಯ ಕಾರ್ಡು ಪಕ್ಕದ ಹೊಲದವರ ಬಳಿಯೂ ಇದ್ದರೆ, ಅದರ ಮೇಲೂ ಇರುವುದು ಅವೇ ಆರು.