ಮಾತು ಬಾರದ ಕೂಸು: ಮೊದಲು ಕಿವಿ ಪರೀಕ್ಷೆ ಆಗಲಿ!

"ಗಂಡು ಹುಡ್ಗ ಕಣೇ, ಮಾತು ತಡ. ಅವರಪ್ಪನೂ ಹಂಗೇ ಇದ್ದ." ಅಜ್ಜಿಯರ ಈ ಸಮಾಧಾನ ಕೇಳದ ಮನೆ ಯಾವುದು? ನಾಲಿಗೆಗೆ ಬಜೆ ತಿಕ್ಕಿದ್ದಾಯ್ತು, ಹರಕೆ ಹೊತ್ತದ್ದಾಯ್ತು. ಅಷ್ಟರಲ್ಲಿ ಮಗುವಿಗೆ ಮೂರು ತುಂಬಿರುತ್ತದೆ.

ತೊಡಕು ಎಷ್ಟೋ ಸಲ ನಾಲಿಗೆಯದಲ್ಲ, ಕಿವಿಯದು. ಕೇಳದ ಮಾತನ್ನು ಕೂಸು ಕಲಿಯುವುದಾದರೂ ಹೇಗೆ? ಬಾಗಿಲು ದಡಾರ್ ಎಂದರೆ ತಿರುಗುತ್ತದಲ್ಲ ಎಂದು ನಂಬಿ ಕೂರುವಂತಿಲ್ಲ. ದೊಡ್ಡ ಸದ್ದು ಕೇಳಿಸಿಯೂ ಮಾತು ಸ್ಪಷ್ಟವಾಗಿ ಕೇಳಿಸದಿರಬಹುದು.

ಒಂದೂವರೆ ವರ್ಷಕ್ಕೆ ಒಂದು ಪದವೂ ಇಲ್ಲ, ಎರಡಕ್ಕೆ 'ಅಮ್ಮ ಬಾ' ಎಂದು ಜೋಡಿಸುವುದಿಲ್ಲ ಎಂದರೆ ಕಾಯಬಾರದು. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸಿನ ಕಿವಿಯನ್ನೂ ಪರೀಕ್ಷಿಸುತ್ತಾರೆ.

ಅಜ್ಜಿ ಹೇಳಿದ್ದು ನಿಜವಾದರೆ ಸಂತೋಷ. ಸುಳ್ಳಾದರೆ, ಕಳೆದ ವರ್ಷ ಮರಳಿ ಬಾರದು!